ಮೂರು ಕೋಡಿನ ಜೋಡಿ

ಹೂವಪ್ಪ ಚಿತ್ರಗಾರನಿಗೆ ನಾನು ಹೇಳಿದ್ದು ಒಂದು ಪ್ರಾಣಿ ಮಾಡಿಕೊಡು ಎಂದು. ಒಂದು. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಶಿಗ್ಗಾವಿಯ ಶಾಲೆಯಲ್ಲಿ ಒಂದನೆಯ ಇಯತ್ತೆಯ ಹುಡುಗರಿಗೂ ಗೊತ್ತಿತ್ತು, ನಾನೇ ಕಲಿಸಿದ್ದೆ. ಆದರೂ ಹೂವಪ್ಪನ ಹಿತ್ತಲಿನಲ್ಲಿ ಕೊನೆಗೆ ಎದ್ದು ನಿಂತದ್ದು ಎರಡು, ಎರಡರ ಹೆಗಲ ಮೇಲೂ ಸೇರಿ ಒಂದು ನೊಗ. ಇಂದಿಗೂ ಆ ಕಡೆಯ ಜನ ನನ್ನನ್ನು ಕಂಡರೆ ‘ಗುಡ್ಡಪ್ಪ ಮಾಸ್ತರ್ರ, ಎತ್ತು ಆರಾಮ ಅದಾವ?’ ಎಂದು ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಹೇಳಿಬಿಡುತ್ತೇನೆ.

ಅದು ಮೂವತ್ತೆಂಟನೆಯ ಇಸವಿ. ಶಿವರಾತ್ರಿ ಮುಗಿಯುತ್ತಿದ್ದಂತೆ ಶಾಲೆಗಳ ತಪಾಸಣೆಯ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ಹಾನಗಲ್ಲಿನಲ್ಲಿ ಒಂದು ಪ್ರದರ್ಶನ ನಡೆಸುವುದು, ಮನುಷ್ಯ ಹುಟ್ಟುವುದಕ್ಕಿಂತ ಮುಂಚೆ ಭೂಮಿಯ ಮೇಲೆ ಓಡಾಡಿಕೊಂಡಿದ್ದ ಪ್ರಾಣಿಗಳ ದೊಡ್ಡ ದೊಡ್ಡ ಬೊಂಬೆಗಳನ್ನು ಅಲ್ಲಿ ನಿಲ್ಲಿಸುವುದು. ಒಂದೊಂದು ಊರಿನ ಶಾಲೆಗೆ ಒಂದೊಂದು ಪ್ರಾಣಿ. ನನ್ನ ಹುಟ್ಟೂರು ಹಿರೇಕೆರೂರಿಗೆ ಮೈತುಂಬ ಕೂದಲಿದ್ದ ಆನೆ ಸಿಕ್ಕಿತು. ಹಾನಗಲ್ಲಿಗೆ ರೆಕ್ಕೆಯ ಹಲ್ಲಿ. ಶಿಗ್ಗಾವಿಗೆ, ಅಂದರೆ ನನ್ನ ತಲೆಗೆ, ಮೂರು ಕೋಡಿನ ಡೈನೋಸಾರ್. ಆನೆಯಾಗಿದ್ದರೆ ನನಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆನೆಯನ್ನು ಎಲ್ಲರೂ ಬಲ್ಲರು, ಮೇಲೊಂದು ಕಂಬಳಿ ಹೊದಿಸಿದರೆ ಮುಗಿಯಿತು.

ಮಾದರಿಗೆಂದು ಸಾಹೇಬರು ಕೊಟ್ಟದ್ದು ಸಿಗರೇಟಿನ ಪಾಕೀಟಿನಲ್ಲಿ ಬರುವಂಥ ಒಂದು ಸಣ್ಣ ಚಿತ್ರ. ಅದನ್ನು ಅಂಗಿಯ ಕಿಸೆಯಲ್ಲಿಟ್ಟೆ, ಅಂಗಿಯನ್ನು ಅಗಸ ಒಯ್ದ. ತಿರುಗಿ ಬಂದಾಗ ಅಂಗಿಯೂ ಸ್ವಚ್ಛವಾಗಿತ್ತು, ಡೈನೋಸಾರೂ ಸ್ವಚ್ಛವಾಗಿತ್ತು. ಗೆರೆಗಳು ಮಾತ್ರ ಉಳಿದಿದ್ದವು. ಹಣೆಯ ಮೇಲೆ ಎರಡು ಕೋಡು, ಮೂಗಿನ ಮೇಲೆ ಒಂದು, ಗಿಳಿಯಂಥ ಮೂತಿ, ತಲೆಯ ಹಿಂದೆ ಮೊರ ಕಟ್ಟಿದಂಥ ಅಗಲವಾದ ಎಲುಬು. ಬಣ್ಣ ಪೂರ್ತಿ ಹೋಗಿತ್ತು, ಕಣ್ಣಿದ್ದ ಜಾಗದಲ್ಲಿ ತೂತು ಬಿದ್ದಿತ್ತು.

ಹೂವಪ್ಪನ ಮನೆತನದವರು ಗಣಪತಿ, ಹೋಳಿಯ ಕಾಮಣ್ಣ, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಇವನ್ನೆಲ್ಲ ತಲೆತಲಾಂತರದಿಂದ ಮಾಡಿಕೊಂಡು ಬಂದವರು. ಆತ ಕಟ್ಟೆಯ ಮೇಲೆ ಕುಳಿತು ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಯಾವ ದೇವರ ವಾಹನರಿ ಇದು?” ಎಂದು ಕೇಳಿದ.

“ಯಾವ ದೇವರದೂ ಅಲ್ಲ.”

“ಇಲಿ ಮ್ಯಾಲ ಸುದ್ದಾ ಹತ್ಯಾರ, ಇದನ್ನ ಹೆಂಗ ಬಿಟ್ರು?”

“ಕೋಟಿಗಟ್ಟಲೆ ವರ್ಷದ ಹಿಂದ ಸತ್ತು ಹೋದ ಪ್ರಾಣಿ ಹೂವಪ್ಪ. ಯಾರೂ ನೋಡಿಲ್ಲ.”

“ಯಾರೂ ನೋಡಿಲ್ಲಂದ್ರ ಈ ಚಿತ್ರ ಬರದಾವ ಯಾರು?”

ಎಲುಬು ಸಿಕ್ಕಿವೆ, ಎಲುಬಿನ ಮೇಲೆ ಅಂದಾಜು ಮಾಡಿ ಮೈ ಬರೆಯುತ್ತಾರೆ ಎಂದು ನಾನು ತಿಳಿಸಿ ಹೇಳಿದೆ. ಹೂವಪ್ಪ ಚಿತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಹಂಗಾರ ನಮ್ಮ ಕುಬೇರಪ್ಪ ಸಾವ್ಕಾರ್ರ ಎಲುವು ಸಿಕ್ರ,” ಅಂದ, “ಅವರನ್ನ ಬಡಕಲ ಮನಿಶ್ಯಾ ಅಂತ ಬರೀತಾರ.”

ಕುಬೇರಪ್ಪ ಸಾವ್ಕಾರರು ಊರಿನ ದೊಡ್ಡ ಒಕ್ಕಲಿನವರು. ಅವರು ಹಿಂದಿನಿಂದ ಚಕ್ಕಡಿ ಹತ್ತಿದರೆ ಮುಂದೆ ಎತ್ತುಗಳ ಕತ್ತು ಮೇಲಕ್ಕೆ ಹೋಗುತ್ತಿತ್ತು. ಹೂವಪ್ಪನ ಮಾತಿಗೆ ಒಳಗಿನಿಂದ ಯಾರೋ ನಕ್ಕರು, ನಕ್ಕವಳು ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಅವಳು ಹೂವಪ್ಪನ ಮಗಳು ಗುತ್ತೆವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಂದೆಯ ಕೆಲಸ ಹಿಡಿದಿದ್ದಳು.

ಹೂವಪ್ಪನ ಹೆಸರಿನಲ್ಲಿ ಊರಿಗೆ ಹೋಗುತ್ತಿದ್ದ ಬೊಂಬೆಗಳಿಗೆ ಮಣ್ಣು ಕಲಸುವವಳು, ಮೈ ತಿದ್ದುವವಳು, ಬಣ್ಣ ಅರೆದು ಹಚ್ಚುವವಳು ಎಲ್ಲ ಅವಳೇ. ಕಣ್ಣು ಮಾತ್ರ ಅವಳದಲ್ಲ. ಕಣ್ಣು ಬರೆದ ಗಳಿಗೆಯಲ್ಲಿ ಬೊಂಬೆಗೆ ಜೀವ ಬರುತ್ತದೆ, ಹೆಣ್ಣಿನ ಕೈಯಿಂದ ಜೀವ ಬರಕೂಡದು, ಆದ್ದರಿಂದ ಕಣ್ಣು ಗಂಡಸೇ ಬರೆಯಬೇಕು ಎಂದು ಅವರ ದೈವದ ಕಟ್ಟು. ದೈವ ಅಂದರೆ ದೇವರಲ್ಲ, ಕುಲದ ಹಿರಿಯರು ಕೂಡುವ ಸಭೆ. ಹೆಣ್ಣಿನಿಂದ ಜೀವ ಬರಕೂಡದಂತೆ. ಆ ಹಿರಿಯರೆಲ್ಲ ಎಲ್ಲಿಂದ ಬಂದಿದ್ದರೋ ನಾನು ಕೇಳಲು ಹೋಗಲಿಲ್ಲ.

ಹಿಂದಿನ ಚೌತಿಗೆ ಹೂವಪ್ಪ ಪೊರೆಗಣ್ಣಿನಲ್ಲೇ ಕುಬೇರಪ್ಪನವರ ಮನೆಯ ಗಣಪತಿಗೆ ಕಣ್ಣು ಬರೆದಿದ್ದ. ಒಂದು ಕಣ್ಣು ಕಡಬಿನ ತಾಟನ್ನು ನೋಡುತ್ತಿತ್ತು, ಇನ್ನೊಂದು ಕಿಟಕಿಯಾಚೆ ಪಕ್ಕದ ಮನೆಯನ್ನು. ಆ ವರ್ಷ ಪಕ್ಕದ ಮನೆಯವರ ಜೋಳ ಆಳೆತ್ತರ ಬಂತು, ಕುಬೇರಪ್ಪನವರದು ಮೊಣಕಾಲಿಗೇ ನಿಂತಿತು. ದೈವ ಕೂಡಿತು. ಯುಗಾದಿ ಮುಗಿದ ಮೇಲೆ ಹೂವಪ್ಪನ ಕುಂಚದ ಪೆಟ್ಟಿಗೆ ಹಾನಗಲ್ಲಿನಲ್ಲಿದ್ದ ಅವನ ಅಣ್ಣನ ಮಗ ಗುದ್ಲೆಪ್ಪನಿಗೆ ಹೋಗತಕ್ಕದ್ದು ಎಂದು ತೀರ್ಮಾನವಾಯಿತು. ಪೆಟ್ಟಿಗೆ ಬಿಟ್ಟುಹೋದ ಮನೆಯಲ್ಲಿ ಮತ್ತೆ ಯಾರೂ ಬೊಂಬೆ ಮಾಡುವ ಹಾಗಿರಲಿಲ್ಲ.

“ಪೆಟಗಿ ಹೋತಂದ್ರ ನಾ ಏನ್ ಮಾಡ್ಲಿರಿ ಮಾಸ್ತರ್ರ?” ಎಂದಳು ಗುತ್ತೆವ್ವ. “ರೊಟ್ಟಿ ಬಡಿಯಾಕ ಊರಾಗ ಬೇಕಾದಷ್ಟು ಮಂದಿ ಅದಾರ. ನನಗ ಇದನ್ನ ಬಿಟ್ರ ಬ್ಯಾರೆ ಏನೂ ಮನಸ್ಸಿಗೆ ಬರೂದಿಲ್ಲ. ಕೈ ಕಡದು ಕೊಟ್ಟಂಗ ಆಕ್ಕೈತಿ ನೋಡ್ರಿ.”

ಇದನ್ನು ಅವಳು ಅಳುತ್ತ ಹೇಳಲಿಲ್ಲ, ಸಿಟ್ಟಿನಿಂದ ಹೇಳಿದಳು. ಕೇಳಿ ನನಗೂ ಸಿಟ್ಟು ಬಂತು. ಸಿಟ್ಟು ಬರಲು ನನಗೆ ಬಹಳ ಹೊತ್ತು ಹಿಡಿಯುವುದಿಲ್ಲ.

“ಆತು, ಮಾಡೂಣು,” ಎಂದ ಹೂವಪ್ಪ. “ಏನ್ ತಿಂತಿತ್ರಿ ಇದು?”

“ಸೊಪ್ಪು, ಸದಿ.”

“ಕೋಡ ಅದಾವ, ಮೇವು ತಿಂತೈತಿ. ಹಂಗಾರ ದನಾನ ಆತು. ದನಾ ಒಂಟಿ ಮಾಡಬಾರ್ದರಿ, ಜೋಡಿ ಮಾಡಬೇಕು.”

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರ ಮನೆಯಲ್ಲೂ ಒಂಟಿ ಎತ್ತು ಮಾಡುವುದಿಲ್ಲ. ಮಾಡಿದರೆ ಕೊಟ್ಟಿಗೆಯಲ್ಲಿರುವ ಜೋಡಿಯಲ್ಲಿ ಒಂದು ಎತ್ತು ಉಳಿಯುವುದಿಲ್ಲ ಎಂದು ನಂಬಿಕೆ. ಇಲಾಖೆಯವರು ಕೇಳಿದ್ದು ಒಂದೇ, ಎರಡು ಒಯ್ದರೆ ನನ್ನನ್ನು ಹುಚ್ಚ ಅನ್ನುತ್ತಾರೆ ಎಂದು ನಾನು ವಾದಿಸಿದೆ.

“ಇಲಾಖೆಯವ್ರ ಮನ್ಯಾಗ ಎತ್ತು ಇಲ್ಲ ಬಿಡ್ರಿ, ಅವರಿಗೆ ನಡೀತೈತಿ,” ಎಂದ ಹೂವಪ್ಪ. “ನಮ್ಮೂರಾಗ ಅದಾವು.”

ಹಾನಗಲ್ಲಿನಲ್ಲಿ ಸಾಹೇಬರು ಇದಕ್ಕೆ ಏನಂದರು ಎಂಬುದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಆಮೇಲೆ ನನಗೆ ಪುರುಸೊತ್ತಿರುವುದಿಲ್ಲ. ಜೋಡಿಯ ಸುತ್ತ ಒಂದು ಸುತ್ತು ಹಾಕಿ ಬಂದು, “ಇವು ದಿನಕ್ಕೆ ಎಷ್ಟು ಎಕರೆ ಉಳುತ್ತಿದ್ದವು?” ಎಂದು ನನ್ನನ್ನು ಕೇಳಿದರು. ಚೇಷ್ಟೆಯೋ ನಿಜವೋ ಮುಖ ನೋಡಿ ತಿಳಿಯುವಂತಿರಲಿಲ್ಲ. ಹಿರೇಕೆರೂರಿನವರು ಕೂದಲಿನ ಆನೆಯ ಮೇಲೆ ಅಂಬಾರಿ ಕೂರಿಸಿದ್ದರು, ಆದ್ದರಿಂದ ನನ್ನ ಮರ್ಯಾದೆ ಒಂದಿಷ್ಟು ಉಳಿಯಿತು.

ಬಿದಿರಿನ ಕೆಲಸಕ್ಕೆ ಹುಲಗೂರಿನ ಬಂದೇಸಾಬ ಬಂದ. ಮೊಹರಮ್ಮಿನ ಮೆರವಣಿಗೆಯ ಗುಮ್ಮಟದ ಡೋಲಿ ಕಟ್ಟುವುದರಲ್ಲಿ ಸುತ್ತ ಹಳ್ಳಿಗಳಲ್ಲೆಲ್ಲ ಅವನದೇ ಹೆಸರು. ನಾನು ಶಾಲೆ ಮುಗಿಸಿ ಹಿತ್ತಲಿಗೆ ಹೋಗಿ ನೋಡಿದರೆ ಡೈನೋಸಾರಿನ ಬೆನ್ನಿನ ಮೇಲೆ ಒಂದು ಗುಮ್ಮಟ ಎದ್ದಿತ್ತು.

“ಇದೇನಿದು ಬಂದೇಸಾಬ?”

“ಕೈ ತಾನ ಆ ಕಡೆ ಹೋತ್ರಿ. ಇರ್ಲಿ ಬಿಡ್ರಿ, ಚಂದ ಕಾಣತೈತಿ.”

ಚಂದ ಕಾಣುತ್ತಿತ್ತು, ಅದು ನಿಜ. ಆದರೂ ಬಿಚ್ಚಿಸಿದೆ. ಬಂದೇಸಾಬ ಆ ದಿನ ನನ್ನ ಕೂಡ ಮಾತಾಡಲಿಲ್ಲ. ಮರುದಿನ ಹುಲ್ಲು ಬಿಗಿದು, ಗುತ್ತೆವ್ವ ಸಗಣಿ ಬೆರೆಸಿದ ಕೆಸರು ಮೆತ್ತಿದಳು. ತಲೆಯ ಹಿಂದಿನ ಎಲುಬಿಗೆ ಮನೆಯಲ್ಲಿದ್ದ ದೊಡ್ಡ ಮೊರಗಳನ್ನೇ ಕಟ್ಟಿದರು. ಜೋಳ ಹಸನು ಮಾಡಲು ಮೊರವಿಲ್ಲದೆ ಅವರ ಮನೆಯಲ್ಲಿ ಆ ವಾರ ಕಲ್ಲು ಕಡಿದುಕೊಂಡೇ ರೊಟ್ಟಿ ತಿಂದರು.

ಊರು ನೋಡಲು ಬರತೊಡಗಿತು. ಕುಬೇರಪ್ಪನವರು ದಿನಾ ಬಂದು ಹಗ್ಗದ ಹೊರಸಿನ ಮೇಲೆ ಕುಳಿತುಕೊಳ್ಳುತ್ತಿದ್ದರು.

“ಮೂಗಿನ ಮ್ಯಾಲ ಕೋಡು ಬಂದೈತಿ,” ಎಂದರು ಒಂದು ದಿನ. “ಮೂಗುದಾರ ಎಲ್ಲಿ ಹಾಕ್ತಿದ್ರು ಮಾಸ್ತರ್ರ?”

“ಯಾರೂ ಹಾಕ್ತಿರಲಿಲ್ಲರಿ. ಆಗ ಮನುಷ್ಯರ ಹುಟ್ಟಿದ್ದಿಲ್ಲ.”

“ಮತ್ತ ಮೇವು ಹಾಕಾವ್ರು?”

“ಯಾರೂ ಇಲ್ಲ.”

“ನೀರು ಕುಡಸಾವ್ರು?”

“ಯಾರೂ ಇಲ್ಲರಿ ಸಾವ್ಕಾರ್ರ.”

ಕುಬೇರಪ್ಪನವರು ಬಹಳ ಹೊತ್ತು ಆ ಜೋಡಿಯನ್ನು ನೋಡಿ ನಿಟ್ಟುಸಿರು ಬಿಟ್ಟರು. “ಅದಕ್ಕ ಸತ್ತಾವು ಪಾಪ,” ಅಂದರು. ಮರುದಿನ ಮುಂಜಾನೆ ಅವರ ಮನೆಯಿಂದ ಜೋಳದ ಕಣಿಕೆಯ ಒಂದು ಹೊರೆ ಬಂದು ಡೈನೋಸಾರುಗಳ ಮುಂದೆ ಬಿತ್ತು.

ಬಣ್ಣದ ಮಾತು ಬಂದಾಗ ಜಗಳವೇ ಆಯಿತು. ಬಿಳಿ ಅಂದವರು ಬಿಳಿ ಎತ್ತು ಸಾಕಿದವರು, ಕಂದು ಅಂದವರು ಕಂದು ಸಾಕಿದವರು. ಬಂದೇಸಾಬ ಹಸಿರು ಅಂದ, ಅವನ ಹತ್ತಿರ ಡೋಲಿಗೆ ಹಚ್ಚಿ ಉಳಿದ ಹಸಿರು ಕಾಗದವಿತ್ತು. ಯಾರಿಗೂ ಗೊತ್ತಿಲ್ಲದ ಬಣ್ಣಕ್ಕೆ ಇಷ್ಟು ಜನ ಸಾಕ್ಷಿ ಹೇಳಿದ್ದನ್ನು ನಾನು ಎಲ್ಲೂ ಕಂಡಿಲ್ಲ. ನನ್ನನ್ನು ಕೇಳಿದರು. ವಿಜ್ಞಾನಕ್ಕೂ ಇದು ತಿಳಿದಿಲ್ಲ ಎಂದೆ. ವಿಜ್ಞಾನ ಎಲ್ಲಿಯವರು ಎಂದು ಯಾರೋ ಕೇಳಿದರು.

“ಮಣ್ಣಾಗಿ ಹೋದ ಪ್ರಾಣಿ ಅಲ್ಲೇನ್ರಿ,” ಎಂದಳು ಗುತ್ತೆವ್ವ ಮಣ್ಣಿನ ಬುಟ್ಟಿ ಇಳಿಸುತ್ತ. “ಮಣ್ಣಿನ ಬಣ್ಣಾನ ಹಚ್ಚತೇನಿ. ಜಗಳ ಬ್ಯಾಡ.”

ಎರೆ ಹೊಲದ ಕಪ್ಪು ಹಚ್ಚಿದಳು, ಬೇಸಿಗೆಯಲ್ಲಿ ನೆಲ ಬಿರಿಯುವ ಹಾಗೆ ಮೈತುಂಬ ಬಿರುಕು ತೆಗೆದಳು. ಎಲ್ಲರ ಹೊಲವೂ ಅದೇ ಬಣ್ಣದ್ದಾದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಕಣ್ಣಿನ ಜಾಗದಲ್ಲಿ ಸುಣ್ಣ ಬಳಿದ ಬಿಳಿಯ ವರ್ತುಲಗಳು ಮಾತ್ರ ಖಾಲಿ ಉಳಿದವು.

ಯುಗಾದಿ ಮುಗಿಯಿತು. ಪೆಟ್ಟಿಗೆ ಒಯ್ಯಲು ಗುದ್ಲೆಪ್ಪ ಹಾನಗಲ್ಲಿನಿಂದ ಬಂದ. ಒಪ್ಪಿಸಿಕೊಡಲು ಸವಣೂರಿನಿಂದ ದೈವದ ಹಿರಿಯರಾದ ಫಕ್ಕೀರಪ್ಪನವರು ಬಂದರು. ಗುದ್ಲೆಪ್ಪ ಕೆಟ್ಟವನೇನಲ್ಲ, ಅವನ ಕೈ ಕೆಟ್ಟದ್ದು. ಹಿತ್ತಲಿಗೆ ಬಂದು ಜೋಡಿಯನ್ನು ನೋಡಿ ಬಾಯಿ ತೆರೆದು ನಿಂತುಬಿಟ್ಟ.

“ಫಕ್ಕೀರಣ್ಣ, ಪೆಟಗಿ ಹೋಗೂಕಿಂತ ಮೊದಲ ಒಂದು ಮಾತು,” ಎಂದ ಹೂವಪ್ಪ. “ಇವಕ್ಕ ಕಣ್ಣು ಬರಿಯೂದು ಉಳದೈತಿ. ಒಂದಕ್ಕ ಗುದ್ಲೆಪ್ಪ ಬರೀಲಿ, ಒಂದಕ್ಕ ನನ್ನ ಮಗಳು ಬರೀಲಿ. ಯಾರ ಕಣ್ಣು ಚಲೋ ಬರತೈತಿ, ಪೆಟಗಿ ಅವರ ಹಂತ್ಯಾಕ ಇರ್ಲಿ.”

ಫಕ್ಕೀರಪ್ಪನವರು ನನ್ನ ಕಡೆ ತಿರುಗಿದರು. “ಮಾಸ್ತರ್ರ, ಇದು ದೇವರ?”

“ಅಲ್ಲ.”

“ದೇವರ ವಾಹನ?”

“ಅಲ್ಲ.”

“ದೆವ್ವ?”

“ಅಲ್ಲರಿ.”

“ಮತ್ತ ಏನಿದು?”

“ಏನೂ ಅಲ್ಲ,” ಎಂದೆ ನಾನು ರೇಗಿ.

“ಏನೂ ಅಲ್ಲಂದ್ರ ಏನೂ ಅಡ್ಡಿಯಿಲ್ಲ,” ಎಂದರು ಫಕ್ಕೀರಪ್ಪನವರು. “ಬರೀಲಿ.”

ಗುದ್ಲೆಪ್ಪ ಒಂದು ಎಲೆ ಅಡಿಕೆ ಹಾಕಿಕೊಂಡು ಅದನ್ನು ಅಗಿದು ಮುಗಿಸುವುದರೊಳಗೆ ಬಲಗಡೆಯದಕ್ಕೆ ಕಣ್ಣು ಬರೆದ. ಎರಡು ಹುಣಸೆಬೀಜ ಅಂಟಿಸಿದ ಹಾಗಿತ್ತು. ಗುತ್ತೆವ್ವ ಎಡಗಡೆಯದರ ಮುಂದೆ ಮುಂಜಾನೆ ಕುಳಿತವಳು ದನಗಳು ಮನೆಗೆ ಬರುವತನಕ ಏಳಲಿಲ್ಲ. ನಡುವೆ ಒಮ್ಮೆ ನನ್ನನ್ನು ಕರೆದು ಕೇಳಿದಳು. “ಇದು ಕಡೀಕ ಏನ್ ನೋಡಿರಬೇಕ್ರಿ ಮಾಸ್ತರ್ರ?”

ನನಗೆ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ ಮತ್ತೆ ಕುಂಚ ಅದ್ದಿದಳು. ಮುಗಿದ ಮೇಲೆ ನೋಡಿದೆ. ಬಾಗಿಲಲ್ಲಿ ಕುಳಿತ ಮುದುಕಿ ಬಂದವರು ಯಾರೆಂದು ಗುರುತು ಹಿಡಿಯಲು ನೋಡುತ್ತಾಳಲ್ಲ, ಹಾಗೆ ಅದು ನೋಡುತ್ತಿತ್ತು. ನಾನು ಎಡಕ್ಕೆ ಸರಿದೆ, ಅದೂ ಎಡಕ್ಕೆ ನೋಡಿತು. ನಾನು ಕೆಮ್ಮಿ, ನಾಳೆ ಬರುತ್ತೇನೆ ಎಂದೆ. ಯಾರಿಗೆ ಹೇಳಿದೆನೋ ತಿಳಿಯದು.

ಮರುದಿನದಿಂದ ಓಣಿಯ ನಾಯಿಗಳು ಹೂವಪ್ಪನ ಹಿತ್ತಲಿಗೆ ಹೋಗುವುದನ್ನು ಬಿಟ್ಟವು. ಬಂದೇಸಾಬ ತಾನೇ ಬಿದಿರು ಕಟ್ಟಿದ ಪ್ರಾಣಿಯ ಎದುರಿಗೆ ಹಾಯಲು ಒಲ್ಲದೆ ಬೇಲಿ ಸುತ್ತಿ ಬರತೊಡಗಿದ. ಪಕ್ಕದ ಮನೆಯ ನಾಗವ್ವನ ಎಮ್ಮೆ ಸಂಕ್ರಾಂತಿಯಿಂದ ಒದೆಯುತ್ತ ಹಾಲು ಕೊಡದೆ ನಿಂತಿತ್ತು. ಬೇಲಿಯ ಮೇಲಿನಿಂದ ಆ ಕಣ್ಣು ಅದರ ಮೇಲೆ ಬಿದ್ದದ್ದೇ ತಡ, ಕಲ್ಲಿನಂತೆ ನಿಂತು ಕೊಡ ತುಂಬ ಹಾಲು ಕೊಟ್ಟಿತು. ಹೆದರಿ ಕೊಟ್ಟಿದೆ ಎಂದು ನಾನು ಹೇಳಿದೆ. ಕೇಳುವವರಾರು? ಮಧ್ಯಾಹ್ನದೊಳಗೆ ಮೂಗಿನ ಕೋಡಿಗೆ ಕುಂಕುಮ ಬಂತು, ಸಂಜೆಗೆ ಕಾಯಿ ಒಡೆದರು, ಮೂರುಕೋಡಪ್ಪ ಎಂದು ಹೆಸರಿಟ್ಟರು. ಇದು ದೇವರಲ್ಲ, ಹಲ್ಲಿಯ ಜಾತಿ, ಹಿಂದಿನ ಕಾಲದ್ದು ಎಂದು ನಾನು ಕಟ್ಟೆಯ ಮೇಲೆ ನಿಂತು ತಿಳಿಸಿ ಹೇಳುತ್ತಿದ್ದಾಗಲೇ ನಾಗವ್ವ ನನ್ನ ಕೈಗೆ ಪ್ರಸಾದ ಹಾಕಿದಳು. ತಿಂದೆ. ಕೊಬ್ಬರಿ ಚೆನ್ನಾಗಿತ್ತು. ಬಲಗಡೆಯ ಹುಣಸೆಬೀಜದ ಕಣ್ಣಿನದಕ್ಕೆ ಮಾತ್ರ ಯಾರೂ ಕೈ ಮುಗಿಯಲಿಲ್ಲ, ಅದರ ಕೋಡಿಗೆ ಬಂದೇಸಾಬ ಟವೆಲ್ ಒಣಗಹಾಕಿದ್ದ.

ಗುತ್ತೆವ್ವ ಗೆದ್ದಳು ಎಂದು ನಾನು ಖುಷಿಯಿಂದ ಓಡಾಡುತ್ತಿದ್ದೆ. ಅಷ್ಟರಲ್ಲಿ ಫಕ್ಕೀರಪ್ಪನವರು ಹಿತ್ತಲಿನಲ್ಲೇ ದೈವ ಕೂಡಿಸಿದರು.

“ಜೀವ ಬಂದೈತಿ,” ಎಂದರು. “ಎಲ್ಲಾರೂ ನೋಡೇವಿ. ಹೆಣ್ಣಿನ ಕೈಲೆ ಬಂದೈತಿ. ಕಟ್ಟು ಮುರೀತು. ಕಣ್ಣು ಒರಸಬೇಕು, ಪೆಟಗಿ ಗುದ್ಲೆಪ್ಪ ಒಯ್ಯಬೇಕು. ಒಪ್ಪದಿದ್ರ ಹೂವಪ್ಪನ ಮನಿ ಕೂಡ ಕೊಡೂದು ತಗೊಳ್ಳೂದು ಬಂದ್.”

ನನ್ನ ನೆತ್ತಿ ಕಾದುಹೋಯಿತು. “ಅಂದ್ರ ಕಣ್ಣು ಕೆಟ್ಟಿದ್ರ, ಆಕಿಗೆ ಬರಂಗಿಲ್ಲ ಅಂತ ಪೆಟಗಿ ಹೋಗತಿತ್ತು. ಚಲೋ ಬಂತು, ಜೀವ ಬಂತು ಅಂತ ಪೆಟಗಿ ಹೋಗತೈತಿ. ಹೆಂಗಾದ್ರೂ ಹೋಗತೈತಿ ಹಂಗಾರ?”

“ಹೌದ್ರಿ,” ಎಂದರು ಫಕ್ಕೀರಪ್ಪನವರು ಸಮಾಧಾನದಿಂದ. “ಈಗ ತಿಳೀತು ನೋಡ್ರಿ ನಿಮಗ.”

ಹೂವಪ್ಪ ತಲೆ ತಗ್ಗಿಸಿ ಕುಳಿತಿದ್ದ. ಗುತ್ತೆವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಪೆಟ್ಟಿಗೆಯನ್ನು ತಂದು ಗುದ್ಲೆಪ್ಪನ ಕಂಕುಳಿಗೆ ಕೊಟ್ಟರು. ಒಂದು ಬಕೆಟ್ ನೀರು, ಒಂದು ಅರಿವೆ ಬಂದವು.

“ನೀನ ಒರಸು ಗುದ್ಲೆಪ್ಪ. ಇನ್ನ ಕೆಲಸ ನಿಂದು,” ಎಂದರು ಫಕ್ಕೀರಪ್ಪನವರು.

ಗುದ್ಲೆಪ್ಪ ಒದ್ದೆ ಅರಿವೆ ಹಿಡಿದು ಎಡಗಡೆಯ ಪ್ರಾಣಿಯ ಎದುರಿಗೆ ಹೋದ. ನಿಂತ. ತಿರುಗಿ ಬಂದ.

“ಅಜ್ಜಾರ, ಅದು ನನ್ನ ನೋಡಾಕತ್ತೈತಿ,” ಎಂದ.

ಅರಿವೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಒಬ್ಬನಿಗೆ ಸೊಂಟ ನೋವಿತ್ತು. ಇನ್ನೊಬ್ಬನ ಹೆಂಡತಿ ಬಸುರಿ, ಇಂಥ ಕೆಲಸಕ್ಕೆ ಕೈ ಹಾಕುವಂತಿಲ್ಲ. ಕೊನೆಗೆ ಫಕ್ಕೀರಪ್ಪನವರೇ ಎದ್ದರು. ಅದರ ಎದುರಿಗೆ ಹೋಗದೆ ಪಕ್ಕದಿಂದ ಸುತ್ತಿ ಬಂದು, ಮುಖವನ್ನು ಆಚೆ ತಿರುಗಿಸಿ, ಕೈ ಚಾಚಿ ಒರೆಸಿದರು. ಕೋಡು ಸ್ವಚ್ಛವಾಯಿತು. ಕಣ್ಣು ಇದ್ದಲ್ಲೇ ಇತ್ತು.

“ಮಾಸ್ತರ್ರ, ನೀವ ಒರಸ್ರಿ,” ಎಂದರು ಬೆವರುತ್ತ. “ನಿಮಗ ಅದು ಏನೂ ಅಲ್ಲಲ್ಲ.”

ಅರಿವೆ ನನ್ನ ಕೈಗೆ ಬಂತು. ನಾನು ಟ್ರೇನಿಂಗ್ ಕಾಲೇಜಿನಲ್ಲಿ ಓದಿದವನು. ಬಿದಿರು, ಹುಲ್ಲು, ಕೆಸರು, ಸಗಣಿ, ಮೊರ ಎಲ್ಲವನ್ನೂ ಕಣ್ಣಾರೆ ಕಂಡವನು. ಅದರ ಎದುರಿಗೆ ಹೋಗಿ ನಿಂತೆ. ಒರೆಸಲಿಲ್ಲ. ಬೇಕೆಂದೇ ಒರೆಸಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಈಗಲೂ ಹಾಗೆಯೇ ಹೇಳುತ್ತೇನೆ.

ಗುತ್ತೆವ್ವ ಬಾಗಿಲು ಬಿಟ್ಟು ಬಂದು ನನ್ನ ಕೈಯಿಂದ ಅರಿವೆಯನ್ನು ಕಿತ್ತುಕೊಂಡಳು. ತಾನು ಬರೆದದ್ದನ್ನು ತಾನೇ ಒರೆಸುತ್ತಾಳೆ ಎಂದುಕೊಂಡೆ. ಅವಳು ಅದನ್ನು ದಾಟಿ ಬಲಗಡೆಯದರ ಹತ್ತಿರ ಹೋದಳು, ಬಂದೇಸಾಬನ ಟವೆಲ್ ತೆಗೆದು ಅವನ ಕಡೆ ಒಗೆದಳು, ಎರಡು ಹುಣಸೆಬೀಜಗಳನ್ನು ತಿಕ್ಕಿ ಒರೆಸಿಬಿಟ್ಟಳು.

“ಅದಲ್ಲವಾ, ಈ ಕಡೀದು,” ಎಂದರು ಫಕ್ಕೀರಪ್ಪನವರು.

“ಇದು ಕುರುಡ ಇತ್ರಿ ಅಜ್ಜಾರ,” ಎಂದಳು ಗುತ್ತೆವ್ವ. “ಜೋಡ್ಯಾಗ ಒಂದು ಕಾಣತಿದ್ದು, ಒಂದು ಕುರುಡ ಆದ್ರ ನೊಗಾ ಹೆಂಗ ಹೊರಬೇಕು?”

ಹೊರಸಿನ ಮೇಲೆ ಕುಳಿತಿದ್ದ ಕುಬೇರಪ್ಪನವರು ನೆಟ್ಟಗಾದರು. “ಅದು ಖರೇ ಐತಿ,” ಎಂದರು.

“ಒಂದ ಕಡೀಗೆ ಎಳೀತೈತಿ,” ಎಂದ ಇನ್ನೊಬ್ಬ ಒಕ್ಕಲಿಗ. “ಸಾಲ ಡೊಂಕ ಬೀಳತಾವು.”

“ನಮ್ಮ ಮಾವನ ಮನ್ಯಾಗ ಅಂಥಾ ಜೋಡಿ ಇತ್ತು. ಹೊಲಾ ಬಿಟ್ಟು ಕೆರ್ಯಾಗ ಇಳೀತು.”

ಸಭೆಯಲ್ಲಿದ್ದ ರೈತರೆಲ್ಲ ಕುರುಡು ಎತ್ತಿನ ಮಾತಿಗೆ ಬಿದ್ದರು. ನೊಗ ಹೊರಲು ಅಲ್ಲಿ ಎತ್ತೂ ಇಲ್ಲ, ಹೊಲವೂ ಇಲ್ಲ ಎಂಬುದು ನನ್ನನ್ನು ಬಿಟ್ಟು ಯಾರಿಗೂ ನೆನಪಿರಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ.

“ಫಕ್ಕೀರಪ್ಪ, ದೈವದ ಮಾತು ನಿಮಗ ಬಿಟ್ಟದ್ದು,” ಎಂದರು ಕುಬೇರಪ್ಪನವರು. “ಆದ್ರ ಕುರುಡ ಜೋಡಿ ನಮ್ಮೂರ ಸೀಮಿ ದಾಟಿ ಹೋಗಬಾರ್ದು. ಹಾನಗಲ್ಲ ಮಂದಿ ನಮ್ಮ ಒಕ್ಕಲತಾನ ನೋಡಿ ನಗತಾರ.”

ಫಕ್ಕೀರಪ್ಪನವರು ಗಡ್ಡ ಕೆರೆದುಕೊಂಡರು. “ಹಂಗಾರ ಗುದ್ಲೆಪ್ಪ ಮತ್ತೊಮ್ಮೆ ಬರೀಲಿ.”

ಎಲ್ಲರೂ ಗುದ್ಲೆಪ್ಪನನ್ನು ನೋಡಿದರು. ಅವನು ಪೆಟ್ಟಿಗೆಯನ್ನು ಕಂಕುಳಿನಿಂದ ತೆಗೆದ, ಗುತ್ತೆವ್ವನ ಕಾಲಿನ ಹತ್ತಿರ ನೆಲಕ್ಕಿಟ್ಟ, ಕುಕ್ಕರುಗಾಲಿನಲ್ಲಿ ಕುಳಿತು ಮುಚ್ಚಳ ತೆರೆದ.

“ಯಾವುದು ಬೇಕಕ್ಕ?” ಎಂದ. “ಸಣ್ಣದ?”

“ಗುದ್ಲ್ಯಾ,” ಎಂದರು ಫಕ್ಕೀರಪ್ಪನವರು.

“ಇದನ್ನ ಹೊತಗೊಂಡು ಹಾನಗಲ್ಲಿಗೆ ಹೋಗಿ ನಾ ಏನ್ ಮಾಡ್ಲಿರಿ ಅಜ್ಜಾರ? ನನಗ ಬರೂದಿಲ್ಲ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಎಲ್ಲಾರ ಮುಂದ ಹೇಳಬೇಕಾತು, ಅಷ್ಟ.” ಅವನ ಕಣ್ಣಲ್ಲಿ ನೀರು ಬಂದಿತ್ತು, ಆದರೆ ದನಿ ಹಗುರಾಗಿತ್ತು.

ಫಕ್ಕೀರಪ್ಪನವರು ಪೆಟ್ಟಿಗೆಯನ್ನು ನೋಡಿದರು, ಎಡಗಡೆಯ ಪ್ರಾಣಿಯನ್ನು ನೋಡಿದರು, ಬೇಗನೆ ಕಣ್ಣು ತೆಗೆದರು. ಎತ್ತಿಕೊಳ್ಳಿರಿ ಎಂದು ಯಾರಿಗೂ ಹೇಳಲಿಲ್ಲ.

ಗುತ್ತೆವ್ವ ಸೆರಗು ಸಿಕ್ಕಿಸಿಕೊಂಡು ಕುಂಚ ಆರಿಸಿದಳು. ಅವಳು ಬಣ್ಣಕ್ಕೆ ಅದ್ದುತ್ತಿದ್ದಂತೆ ಸಭೆ ಗಡಬಡಿಸಿ ಎದ್ದಿತು. ಹೊಸ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಎಂದು ಹಿರಿಯರು, ರೈತರು, ನಾಗವ್ವ ಎಲ್ಲ ಎರಡು ಬದಿಗೆ ಸರಿದರು. ಕುಬೇರಪ್ಪನವರನ್ನು ಹೊರಸಿನ ಸಮೇತ ಎಳೆದರು. ಯಾರೂ ಅದನ್ನು ಏನೂ ಅಲ್ಲ ಅನ್ನಲಿಲ್ಲ, ಹೆಣ್ಣಿನ ಕೈ ಎಂದೂ ಅನ್ನಲಿಲ್ಲ. ಆ ಪ್ರಾಣಿಯ ಎದುರಿಗೆ ಹಿತ್ತಲು ಖಾಲಿಯಾಯಿತು.

ಗುತ್ತೆವ್ವ ಕುಂಚ ಎತ್ತಿ ಹಿಡಿದು ತಿರುಗಿ ನೋಡಿದಳು.

“ಅಪ್ಪಾ, ಎಲ್ಲೆ ಅದಿ?”

“ಇಲ್ಲೆ ಗ್ವಾಡಿ ಹಂತ್ಯಾಕ ಅದೇನಿ.”

“ಮುಂದ ಬಾ. ಬಂದು ಇದರ ಎದರಿಗೆ ಕುಂದರು.”

“ಬ್ಯಾಡವಾ,” ಎಂದರು ಫಕ್ಕೀರಪ್ಪನವರು ಗಾಬರಿಯಿಂದ. “ಮೊದಲನೇ ನೋಟ ಐತಿ.”

“ಇರ್ಲಿರಿ,” ಎಂದಳು ಗುತ್ತೆವ್ವ. “ನಮ್ಮಪ್ಪಗ ಇದನ್ನ ನೋಡಾಕ ಆಗೂದಿಲ್ಲ. ಇದಾದ್ರೂ ನಮ್ಮಪ್ಪನ್ನ ನೋಡ್ಲಿ.”

ಹೂವಪ್ಪ ಗೋಡೆ ಬಿಟ್ಟು ಎದ್ದ. ಗುದ್ಲೆಪ್ಪ ಹೋಗಿ ಕೈ ಹಿಡಿದ. ಆತ ಬಂದು ಮೂರು ಕೋಡುಗಳ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ, ತಲೆಯ ಪಟಗ ಸರಿಮಾಡಿಕೊಂಡ, ಮುಖ ಮೇಲೆತ್ತಿದ.

“ಹೂಂ,” ಎಂದ, “ಬರಿ.”